ನೆಲ್ಲಿಯ ನೆರಳಿನಲ್ಲಿ: ಸಂಕಟಕಾಲದ ಆಟವನ್ನು ಕುರಿತು

ಮನೆಯಲ್ಲಿ ಕಷ್ಟವಿರುವಾಗ ಬಯಲಿಗೆ ಹೋಗಿ ಆಡುವುದು ಉಚಿತವೇ? ಪ್ರಶ್ನೆಯು ಮೇಲ್ನೋಟಕ್ಕೆ ಹಗುರವಾಗಿ ತೋರಬಹುದು. ಆದರೆ ಉದ್ಯೋಗ ಕಳೆದುಕೊಂಡವನಿಗೆ, ರೋಗಿಯ ಶುಶ್ರೂಷೆಯಲ್ಲಿ ಹಗಲಿರುಳು ಸವೆಸುತ್ತಿರುವವಳಿಗೆ, ಮನೆಸಾಲದ ಕಂತು ಕಟ್ಟಲಾರದೆ ನಡುರಾತ್ರಿ ಎದ್ದು ಕುಳಿತವನಿಗೆ ಇದು ನಿಜವಾದ ಧರ್ಮಸಂಕಟವೇ ಸರಿ. ಈ ಲೇಖಕನಿಗೆ ಅದು ಮೊದಲ ಬಾರಿಗೆ ಎದುರಾದದ್ದು 1997ರ ಕಾರ್ತಿಕ ಮಾಸದಲ್ಲಿ, ಡೊಂಬಿವಲಿಯಲ್ಲಿ.

ಠಾಣೆ–ಬೇಲಾಪುರ ರಸ್ತೆಯ ಮೇಲೆ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯು ಆ ವರ್ಷ ದೀಪಾವಳಿಗೆ ಮೊದಲೇ ಬಾಗಿಲು ಮುಚ್ಚಿತು. ಬರಬೇಕಾದ ಹಣ ಬರಲಿಲ್ಲ. ಗದಗಿನ ಕಡೆಯಿಂದ ಬಂದು ಅಕ್ಕಪಕ್ಕದಲ್ಲಿ ನೆಲೆಸಿದ್ದ ನಾಲ್ಕು ಮನೆಗಳವರು ಪ್ರತಿವರ್ಷದ ಪದ್ಧತಿಯಂತೆ ವನಭೋಜನಕ್ಕೆ ಟೆಂಪೋ ಗೊತ್ತುಮಾಡಿದ್ದರು. ನಮ್ಮದೊಂದು ಮನೆ ಈ ವರ್ಷ ಬೇಡವೆಂದು ನಾನು ಹೇಳಿದೆ. ನಮ್ಮ ತಾಯಿಯವರು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆಯೇ ಹೇಳಿದರು: "ನೌಕರಿ ಹೋತು ಖರೆ. ಕಾರ್ತೀಕ ಹೋಗಿಲ್ಲಲ್ಲ? ನಡಿ."

ಕಲ್ಯಾಣ–ಶೀಳ್ ರಸ್ತೆಯಲ್ಲಿ ಖಿಡಕಾಳೇಶ್ವರ ದೇವಾಲಯವನ್ನು ದಾಟಿದರೆ ಆಗ ಹೊಲಗದ್ದೆಗಳೇ. ಪರಿಚಿತ ರೈತರೊಬ್ಬರ ಹೊಲದ ಬದುವಿನಲ್ಲಿ ಒಂದು ನೆಲ್ಲಿಯ ಮರವಿತ್ತು. ಧಾತ್ರೀಪೂಜೆ ಮುಗಿದು ಅಡುಗೆ ಇನ್ನೂ ಒಲೆಯ ಮೇಲಿದ್ದಾಗ ಹುಡುಗರು ಏಳು ಚಪ್ಪಟೆ ಕಲ್ಲುಗಳನ್ನು ಪೇರಿಸಿ ಲಗೋರಿ ಆರಂಭಿಸಿದರು. ಒಬ್ಬ ಕಡಿಮೆ ಬಿದ್ದನೆಂದು ನನ್ನನ್ನು ಎಳೆದರು. ಹತ್ತು ನಿಮಿಷ ಕಳೆದಿರಬಹುದು. ಎಂಟು ವರ್ಷದ ಒಬ್ಬ ಹುಡುಗನು ಎಸೆದ ಚೆಂಡು ನನ್ನ ಬೆನ್ನಿಗೆ ಬಿದ್ದು, ನಾನು ಕಲ್ಲುಗಳ ಮೇಲೆಯೇ ಮುಗ್ಗರಿಸಿ ಬಿದ್ದೆ. ಎಲ್ಲರೂ ನಕ್ಕರು, ನಾನೂ ಗಟ್ಟಿಯಾಗಿ ನಕ್ಕೆ. ನಕ್ಕ ಮರುಕ್ಷಣವೇ ನಾಚಿಕೆಯಾಯಿತು. ಮೂರು ವಾರಗಳ ಹಿಂದೆ ಕೆಲಸ ಹೋದವನು ಹೀಗೆ ನಗಬಹುದೇ? ಆ ನಾಚಿಕೆಗೆ ಆಧಾರವಿತ್ತೇ ಇಲ್ಲವೇ ಎಂಬುದೇ ಪ್ರಕೃತ ಲೇಖನದ ವಿಷಯ.

ಆಟದ ವಿರುದ್ಧ ಹೇಳುವವರ ಮಾತುಗಳನ್ನು ಮೊದಲು ಕೇಳೋಣ. ಅವು ಅವಿಚಾರದ ಮಾತುಗಳಲ್ಲ. ಕಷ್ಟಕಾಲದಲ್ಲಿ ಪ್ರತಿಯೊಂದು ಗಂಟೆಯೂ ಕರ್ತವ್ಯಕ್ಕೆ ಸಲ್ಲಬೇಕು, ಆಟವು ಕರ್ತವ್ಯದಿಂದ ತಪ್ಪಿಸಿಕೊಳ್ಳುವ ಹಾದಿ ಎಂಬುದು ಒಂದು. ಮನೆಯೊಳಗೆ ಒಬ್ಬರು ನರಳುತ್ತಿರುವಾಗ ಇನ್ನೊಬ್ಬರು ನಗುವುದು ಹೃದಯಹೀನತೆ ಎಂಬುದು ಎರಡನೆಯದು. ನಮ್ಮ ಹಿರಿಯರಲ್ಲಿ ಹಲವರು ಹೇಳುವ ಮೂರನೆಯ ಮಾತೂ ಇದೆ: ದುಃಖ ಬಂದಾಗ ಜಪ, ಪಾರಾಯಣಗಳಿಗೆ ತೊಡಗಬೇಕು, ಬಯಲಿನಲ್ಲಿ ಚೆಂಡಾಡುವುದರಿಂದ ಏನು ಬಂತು?

ಜಪದ ಮಹತ್ತ್ವವನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಆದರೆ ಜಪಕ್ಕೆ ಕುಳಿತವನ ಬೆರಳು ಮಣಿಗಳನ್ನು ಎಣಿಸುತ್ತಿರಲು, ಮನಸ್ಸು ಬ್ಯಾಂಕಿನ ಕಂತನ್ನೇ ಎಣಿಸುತ್ತಿದ್ದರೆ ಆಗುವುದು ಯಾವುದರ ಜಪ? ಗೀತೆಯ ಆರನೆಯ ಅಧ್ಯಾಯದಲ್ಲಿ ದುಃಖವನ್ನು ಕಳೆಯುವ ಯೋಗವು ಯಾರಿಗೆ ಸಿದ್ಧಿಸುತ್ತದೆಂದು ಹೇಳುವಾಗ ಶ್ರೀಕೃಷ್ಣನು ಮಿತವಾದ ಆಹಾರ, ನಿದ್ರೆ, ಎಚ್ಚರ, ಕರ್ಮಗಳ ಜೊತೆಗೆ ವಿಹಾರವನ್ನೂ ಸೇರಿಸಿದ್ದಾನೆ. ವಿಹಾರವೆಂದರೆ ಸಂಚಾರವೆಂದೂ ಆಗುತ್ತದೆ, ಕ್ರೀಡೆಯೆಂದೂ ಆಗುತ್ತದೆ. ಮಿತಿಯಿರಲಿ ಎಂದನೇ ಹೊರತು ಬಿಡು ಎಂದು ಹೇಳಲಿಲ್ಲ.

ಆದರೂ ಒಂದು ತಾತ್ತ್ವಿಕ ತೊಡಕು ಉಳಿಯುತ್ತದೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ, ಪರಿಪೂರ್ಣನಾದ ಭಗವಂತನು ಜಗತ್ತನ್ನು ಏಕೆ ಸೃಷ್ಟಿಸಬೇಕು ಎಂಬ ವಿಚಾರ ಬರುತ್ತದೆ. ಅದು ಅವನ ಲೀಲೆ ಎಂಬುದು ಅಲ್ಲಿಯ ಸಮಾಧಾನ. ಇದಕ್ಕೆ ಶ್ರೀಮದಾಚಾರ್ಯರ ಭಾಷ್ಯದಲ್ಲಿ ಬರುವ ದೃಷ್ಟಾಂತ ಸ್ವಾರಸ್ಯವಾದುದು. ಮತ್ತನಾದವನು ಸುಖದ ಉದ್ರೇಕದಿಂದಲೇ ಕುಣಿಯುತ್ತಾನೆ, ಹಾಡುತ್ತಾನೆ, ಏನನ್ನೋ ಪಡೆಯಬೇಕೆಂದಲ್ಲ. ಅಂದರೆ ಸುಖವು ಮೊದಲು, ಆಟವು ಆಮೇಲೆ. ತುಂಬಿದ ಕೊಡ ತುಳುಕುವುದೇ ಲೀಲೆ. ಹೀಗಿರಲು, ಬರಿದಾದ ಕೊಡ ಹೇಗೆ ತುಳುಕೀತು? ಕಷ್ಟದಲ್ಲಿರುವವನು ಯಾವ ಸುಖದ ಬಲದಿಂದ ಆಡಬೇಕು?

ಇದಕ್ಕೆ ನನಗೆ ತೋರುವ ಉತ್ತರ ಹೀಗಿದೆ. ವಿದ್ವಾಂಸರು ತಿದ್ದಿದರೆ ಉಪಕೃತನಾಗುತ್ತೇನೆ. ನಾವು ಸ್ವತಂತ್ರರಲ್ಲ, ಪೂರ್ಣರೂ ಅಲ್ಲ. ನಮ್ಮ ಆಟವು ನಮ್ಮ ಪೂರ್ಣತೆಯಿಂದ ಉಕ್ಕಿ ಬರಲಾರದು. ಆದ್ದರಿಂದಲೇ ನಾವು ಹೊರಗೆ ಹೋಗಬೇಕಾಗುತ್ತದೆ. ಒಂದು ಕೋಣೆಯ ಮನೆಯಲ್ಲಿ ಕಾಣುವ ಪ್ರತಿಯೊಂದು ವಸ್ತುವೂ ನಮ್ಮ ಚಿಂತೆಗೆ ಸಂಬಂಧಿಸಿದ್ದೇ: ಮೇಜಿನ ಮೇಲಿನ ವಿದ್ಯುತ್ ಬಿಲ್ಲು, ಮೂಲೆಯಲ್ಲಿ ಔಷಧದ ಡಬ್ಬಿ, ಗೋಡೆಯ ಮೇಲೆ ಶಾಲೆಯ ಶುಲ್ಕದ ದಿನಾಂಕ ಗುರುತುಹಾಕಿದ ಕ್ಯಾಲೆಂಡರು. ನೆಲ್ಲಿಯ ಮರ ಹಾಗಲ್ಲ. ನನ್ನ ನೌಕರಿಯಿಂದ ಅದು ಚಿಗುರಲಿಲ್ಲ, ನನ್ನ ನೌಕರಿ ಹೋದದ್ದರಿಂದ ಒಣಗಲೂ ಇಲ್ಲ. ಅದು ಭಗವಂತನ ಲೀಲೆಗೆ ಸೇರಿದ್ದು. ಅಲ್ಲಿ ಆಟವು ನಮಗಿಂತ ಮೊದಲೇ ನಡೆದಿರುತ್ತದೆ. ನಾವು ಹೋಗಿ ಸೇರಿಕೊಳ್ಳುತ್ತೇವೆ, ಒಬ್ಬ ಕಡಿಮೆ ಬಿದ್ದನೆಂದು ಹುಡುಗರು ನನ್ನನ್ನು ಎಳೆದುಕೊಂಡಂತೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಮರ, ನೀರು, ಹಕ್ಕಿಗಳನ್ನು ನೋಡಿ ದುಃಖವನ್ನು ಮರೆಯಿರಿ, ದುಃಖವು ಬರಿಯ ಕಲ್ಪನೆ ಎಂದು ಉಪದೇಶಿಸುವವರುಂಟು. ಅದು ನಮ್ಮ ದರ್ಶನದ ಮಾತಲ್ಲ. ನಮ್ಮ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಅದರಲ್ಲಿರುವ ಭೇದಗಳೂ ಸತ್ಯ. ಹಾಗಾಗಿ ಅನುಭವಿಸಿದ ದುಃಖವೂ ಸತ್ಯವೇ. ಅದನ್ನು ಸುಳ್ಳೆನ್ನಲು ಯಾವ ಸುಂದರ ದೃಶ್ಯಕ್ಕೂ ಅಧಿಕಾರವಿಲ್ಲ. ಆದರೆ ಅದೇ ನ್ಯಾಯದಿಂದ ಮರವೂ ಸತ್ಯ, ಅದರ ನೆರಳಿನ ತಂಪೂ ಸತ್ಯ, ಬೆನ್ನಿಗೆ ಬಿದ್ದ ಚೆಂಡಿಗೆ ಬಂದ ನಗೆಯೂ ಸತ್ಯ. ದುಃಖಿಯಾದವನು ಎಡವುವುದು ಇಲ್ಲಿಯೇ. ತನ್ನ ದುಃಖವೊಂದನ್ನೇ ಸತ್ಯವೆಂದೂ ಉಳಿದುದೆಲ್ಲ ಬಣ್ಣದ ತೋರಿಕೆಯೆಂದೂ ಭಾವಿಸತೊಡಗುತ್ತಾನೆ. ಬಯಲಿನ ಆಟವು ಅವನ ದುಃಖವನ್ನು ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ಮತ್ತೊಂದು ಸತ್ಯ ವಸ್ತುವನ್ನು ತಂದಿರಿಸುತ್ತದೆ, ಅಷ್ಟೇ. 1997ರಲ್ಲಿ ನಾನು ನಾಚಿದ್ದು ಈ ಎರಡು ಒಂದೆಡೆ ಇರಲಾರವೆಂದು ತಿಳಿದದ್ದರಿಂದ.

ಭಾಗವತದ ದಶಮಸ್ಕಂಧವನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ವೃಂದಾವನದ ಆಟಗಳೆಂದರೆ ಸುಖದ ದಿನಗಳ ಕಥೆಯೆಂದು ತಿಳಿದಿದ್ದೇವೆ. ಆದರೆ ನಂದಗೋಪನ ಪರಿವಾರ ವೃಂದಾವನಕ್ಕೆ ಬಂದದ್ದೇಕೆ? ಗೋಕುಲದಲ್ಲಿ ಉತ್ಪಾತಗಳ ಮೇಲೆ ಉತ್ಪಾತಗಳು. ಪೂತನೆ ಬಂದಳು, ಬಂಡಿ ಉರುಳಿತು, ಸುಳಿಗಾಳಿಯ ರೂಪದಲ್ಲಿ ತೃಣಾವರ್ತ ಬಂದ, ಕಡೆಗೆ ಎರಡು ಮತ್ತಿಯ ಮರಗಳು ಬುಡಸಹಿತ ಉರುಳಿದವು. ಮಕ್ಕಳನ್ನು ಉಳಿಸಿಕೊಳ್ಳಬೇಕಾದರೆ ಈ ಊರು ಬಿಡಬೇಕೆಂದು ವೃದ್ಧನಾದ ಉಪನಂದನು ಹೇಳಿದ. ಗೋಪರು ಅಂದೇ ಬಂಡಿಗಳಿಗೆ ಸಾಮಾನು ಹೇರಿ, ಮುದುಕರು, ಮಕ್ಕಳು, ಹೆಂಗಸರನ್ನು ಕೂರಿಸಿ, ದನಗಳನ್ನು ಮುಂದೆ ಮಾಡಿಕೊಂಡು ಹೊರಟರು. ವಲಸೆ ಬಂದ ನಮಗೆ ಈ ಚಿತ್ರ ಅಪರಿಚಿತವಲ್ಲ. ಬಂಡಿಗೆ ಬದಲು ನಮ್ಮ ಹಿರಿಯರು ರೈಲು ಹತ್ತಿ ಕಲ್ಯಾಣದಲ್ಲಿ ಇಳಿದರು.

ಹಾಗೆ ಭಯದಿಂದ ಊರು ಬಿಟ್ಟು ಬಂದ ಮಕ್ಕಳು ಹೊಸ ಕಾಡಿನಲ್ಲಿ ಮಾಡಿದ್ದೇನು? ಗೋವರ್ಧನವನ್ನೂ ಯಮುನೆಯ ಮರಳದಂಡೆಗಳನ್ನೂ ಕಂಡು ರಾಮಕೃಷ್ಣರು ಸಂತೋಷಪಟ್ಟರೆಂದು ಕಥೆ ಹೇಳುತ್ತದೆ. ಮುಂದೆ ಹುಡುಗರು ಒಬ್ಬರ ಬುತ್ತಿಯನ್ನೊಬ್ಬರು ಕದ್ದು ದೂರ ಎಸೆಯುತ್ತಾರೆ, ಹಾರುವ ಹಕ್ಕಿಯ ನೆರಳಿನೊಡನೆ ಓಡುತ್ತಾರೆ, ಕಪ್ಪೆಗಳೊಡನೆ ಕುಪ್ಪಳಿಸುತ್ತಾರೆ, ತಮ್ಮದೇ ಕೂಗಿನ ಪ್ರತಿಧ್ವನಿಯನ್ನು ಬೈಯುತ್ತಾರೆ. ಆ ಕಾಲದಲ್ಲಿ ಕಷ್ಟಗಳು ಮುಗಿದಿದ್ದವೇ? ಇಲ್ಲ. ವತ್ಸಾಸುರ, ಬಕಾಸುರ, ಅಘಾಸುರರು ಬಂದದ್ದು ವೃಂದಾವನಕ್ಕೇ. ಕಂಟಕಗಳು ತೀರಲಿ, ಆಮೇಲೆ ಆಡೋಣವೆಂದು ಗೋಪಬಾಲಕರು ಕಾದಿದ್ದರೆ ದಶಮಸ್ಕಂಧದಲ್ಲಿ ಬಾಲಲೀಲೆಯೇ ಇರುತ್ತಿರಲಿಲ್ಲ. ಕಾರ್ತಿಕದಲ್ಲಿ ನೆಲ್ಲಿಯ ಕೆಳಗೆ ನಾವು ಪೂಜಿಸುವುದು ದಾಮೋದರನನ್ನು. ಹೊಟ್ಟೆಗೆ ಹಗ್ಗ ಕಟ್ಟಿಸಿಕೊಂಡು ಒರಳನ್ನು ಎಳೆದು ಆ ಎರಡು ಮರಗಳನ್ನು ಕೆಡವಿದವನು, ಅಂದರೆ ಆ ವಲಸೆಗೆ ಕಾರಣನಾದವನು ಅವನೇ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಶ್ರೀಮದಾಚಾರ್ಯರ ಬಾಲ್ಯವನ್ನು ವರ್ಣಿಸುವ ನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿಯೂ, ಮಗು ವಾಸುದೇವನು ಎತ್ತಿನ ಬಾಲವನ್ನು ಹಿಡಿದು ದಿನವಿಡೀ ಕಾಡಿನಲ್ಲಿ ಅಲೆದು ಸಂಜೆ ಮನೆಗೆ ಮರಳಿದ ಪ್ರಸಂಗವಿದೆ. ಗುರುಕುಲದ ದಿನಗಳಲ್ಲಿ ಅವರು ಓಟ, ಜಿಗಿತ, ಈಜು, ಕುಸ್ತಿಗಳಲ್ಲಿ ಎಲ್ಲರನ್ನೂ ಮೀರಿಸಿದ್ದರೆಂಬ ವರ್ಣನೆಯೂ ಉಂಟು. ನಮ್ಮ ಮಕ್ಕಳನ್ನು ಒಂದು ತರಗತಿಯಿಂದ ಇನ್ನೊಂದು ಟ್ಯೂಷನ್ನಿಗೆ ಓಡಿಸುವ ನಾವು ಆ ಸರ್ಗಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಆಧುನಿಕರು ಕಂಡುಕೊಂಡದ್ದನ್ನೂ ನೋಡೋಣ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳಿಂದ ಅವರು 46 ರೋಗಿಗಳನ್ನು ಆರಿಸಿಕೊಂಡರು. ಅರ್ಧ ಜನರ ಕಿಟಕಿಯ ಹೊರಗೆ ಮರಗಳು, ಇನ್ನರ್ಧ ಜನರ ಕಿಟಕಿಯ ಹೊರಗೆ ಇಟ್ಟಿಗೆಯ ಗೋಡೆ. ಮರಗಳನ್ನು ಕಂಡವರು ಬೇಗ ಮನೆಗೆ ಹೋದರು, ತೀಕ್ಷ್ಣವಾದ ನೋವುನಿವಾರಕಗಳನ್ನು ಕಡಿಮೆ ಬೇಡಿದರು. ಡೊಂಬಿವಲಿಯಲ್ಲಿ ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆಯೇ ಕೈಗೆ ತಾಗುವ ಮನೆಗಳಲ್ಲಿ ಇರುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ತೊಂಬತ್ತು ನಿಮಿಷ ಮರಗಿಡಗಳ ನಡುವೆ ನಡೆದವರನ್ನೂ ವಾಹನಸಂಚಾರದ ರಸ್ತೆಯಲ್ಲಿ ನಡೆದವರನ್ನೂ ಹೋಲಿಸಿ ನೋಡಿದರು. ಮೊದಲಿನವರಲ್ಲಿ ಒಂದೇ ಚಿಂತೆಯನ್ನು ಎಮ್ಮೆಯಂತೆ ಮೆಲುಕು ಹಾಕುವ ಪ್ರವೃತ್ತಿ ತಗ್ಗಿತ್ತು, ಎರಡನೆಯವರಲ್ಲಿ ತಗ್ಗಿರಲಿಲ್ಲ.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಅಧ್ಯಯನ. ಕೊರೋನಾ ಕಾಲದಲ್ಲಿ ಸುಮಾರು ಐನೂರು ಮಂದಿ ವಯಸ್ಕರನ್ನು ಅವರು ಪ್ರಶ್ನಿಸಿದ್ದರು. ಆಟದ ಸ್ವಭಾವವಿದ್ದವರು ಅಪಾಯವನ್ನು ಕಡಿಮೆಯೆಂದು ಭಾವಿಸಿರಲಿಲ್ಲ. ಉಳಿದವರಷ್ಟೇ ಸ್ಪಷ್ಟವಾಗಿ ಅದನ್ನು ಕಂಡಿದ್ದರು. ಮುಂದಿನ ದಿನಗಳ ಬಗ್ಗೆ ಆಶೆಯನ್ನಿಟ್ಟುಕೊಳ್ಳುವುದರಲ್ಲಿ, ಇದ್ದುದರಲ್ಲಿಯೇ ಹೊಸ ದಾರಿ ಹುಡುಕುವುದರಲ್ಲಿ ಮಾತ್ರ ಭಿನ್ನರಾಗಿದ್ದರು. ಆಟವೆಂದರೆ ಕಣ್ಣುಮುಚ್ಚಿಕೊಳ್ಳುವುದು ಎಂಬ ಆಕ್ಷೇಪಕ್ಕೆ ಇದು ತಕ್ಕ ಉತ್ತರ.

ಆ ಕಾಲವನ್ನು ನಮ್ಮವರು ಮರೆತಿರಲಾರರು. 2020ರ ಮಾರ್ಚಿಯಲ್ಲಿ ಲೋಕಲ್ ರೈಲುಗಳು ಜನಸಾಮಾನ್ಯರಿಗೆ ನಿಂತವು. ಉದ್ಯಾನಗಳಿಗೆ ಬೀಗ ಬಿತ್ತು. ಏಪ್ರಿಲ್ ತಿಂಗಳಲ್ಲಿ ನೇರೂಳಿನ ತಳಾವೆ ಜೌಗುಪ್ರದೇಶದಲ್ಲಿ ರಾಜಹಂಸಗಳು ಗುಲಾಬಿ ಹಾಸಿನಂತೆ ನೆರೆದ ಚಿತ್ರಗಳನ್ನು ಎಲ್ಲರೂ ನೋಡಿದರು. ಸುತ್ತಲಿನ ಕಟ್ಟಡಗಳವರು ಕಿಟಕಿಗಳಲ್ಲಿ ನಿಂತು ಗಂಟೆಗಟ್ಟಲೆ ಅವುಗಳನ್ನು ನೋಡುತ್ತಿದ್ದರು. ಗುಜರಾತಿನ ಕಡೆಯಿಂದ ಬಂದು, ಠಾಣೆಯ ಖಾಡಿಯಲ್ಲಿ ಹೊಟ್ಟೆ ಹೊರೆದು, ಮಳೆಗೆ ಮುಂಚೆ ಹೊರಟುಹೋಗುವ ಈ ಹಕ್ಕಿಗಳೂ ನಮ್ಮಂತೆ ವಲಸೆಗಾರರೇ. 2015ರಲ್ಲಿ ಖಾಡಿಯನ್ನು ಅವುಗಳ ಅಭಯಾರಣ್ಯವೆಂದು ಘೋಷಿಸಲಾಯಿತು; 2022ರಲ್ಲಿ ಅದು ರಾಮ್‌ಸರ್ ತಾಣವೂ ಆಯಿತು.

2021ರ ಏಪ್ರಿಲ್‌ನಲ್ಲಿ ನಮ್ಮ ಬಂಧುಗಳೊಬ್ಬರು ಪತ್ನಿಯನ್ನು ಕಳೆದುಕೊಂಡರು. ಸೂತಕ ಕಳೆದ ಮೇಲೂ ಅವರು ಮನೆಯಿಂದ ಹೊರಬೀಳಲಿಲ್ಲ. ಆ ವರ್ಷದ ಕಾರ್ತಿಕದಲ್ಲಿ ಅವರನ್ನು ಕರೆಯಬೇಕೇ ಬೇಡವೇ ಎಂದು ನಾವು ಚರ್ಚಿಸಿದೆವು. ವರ್ಷದೊಳಗೆ ಹಬ್ಬ ಬೇಡವೆಂಬುದು ಅವರ ಮನೆಯ ನಿಯಮ. ಆದ್ದರಿಂದ ಪೂಜೆಗೆ ಕೂರುವುದು ಬೇಡ, ಸುಮ್ಮನೆ ಮರದ ಕೆಳಗೆ ಬಂದು ಕೂತಿರಿ ಎಂದೆವು. ಬಂದರು. ಅವರು ಆಡಲಿಲ್ಲ, ನಗಲಿಲ್ಲ. ಮಕ್ಕಳು ಉದುರಿಸಿದ ಬೆಟ್ಟದ ನೆಲ್ಲಿಕಾಯಿಗಳನ್ನು ಚಾಕುವಿನಿಂದ ಹೋಳುಮಾಡಿ ಉಪ್ಪು ಸವರಿ ಒಬ್ಬೊಬ್ಬರಿಗೂ ಕೊಡುತ್ತಾ, ಹುಳಿಗೆ ಅವರ ಮುಖ ಹಿಂಡುವುದನ್ನು ನೋಡುತ್ತಾ ಎರಡು ತಾಸು ಕುಳಿತಿದ್ದರು. ಅದೂ ಒಂದು ಆಟವೇ ಎಂದು ನನ್ನ ಅಭಿಪ್ರಾಯ. ಅದರಿಂದ ಅವರ ದುಃಖ ವಾಸಿಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮರುದಿನ ಫೋನ್ ಮಾಡಿ, ಉಳಿದ ನೆಲ್ಲಿಕಾಯಿ ಯಾರ ಮನೆಯಲ್ಲಿವೆ, ಉಪ್ಪಿನಕಾಯಿ ಹಾಕುವವರು ಯಾರು ಎಂದು ಕೇಳಿದರು. ಏಳು ತಿಂಗಳಲ್ಲಿ ಅವರು ತಾವಾಗಿ ಮಾಡಿದ ಮೊದಲ ಫೋನ್ ಅದು.

ಇಲ್ಲಿ ಒಂದು ಸೂಕ್ಷ್ಮವಿದೆ. ಮನಶ್ಶಾಂತಿಗಾಗಿ ಆಡುತ್ತೇನೆಂದು ಹೊರಟವನು ಆಡಲಾರ. ಎರಡು ಸಲ ಚೆಂಡು ಎಸೆದು, ಈಗ ಸಮಾಧಾನವಾಯಿತೇ ಎಂದು ತನ್ನ ನಾಡಿಯನ್ನು ತಾನೇ ಹಿಡಿದು ನೋಡುತ್ತಾನೆ. ಪ್ರಯೋಜನವನ್ನು ಬಯಸದಿರುವುದೇ ಲೀಲೆಯ ಲಕ್ಷಣವಾದರೆ, ಔಷಧಿಯೆಂದು ನುಂಗಿದ ಆಟವು ಆಟವಾಗಿ ಉಳಿಯದು. ಹಾಗೆಂದು ಸಂಕಟದಲ್ಲಿರುವವನಿಗೆ ಕಾರಣವಿಲ್ಲದೆ ಹೊರಡಲು ಮನಸ್ಸೂ ಬಾರದು. ನಮ್ಮ ಹಿರಿಯರ ಪದ್ಧತಿಯ ಜಾಣ್ಮೆ ನನಗೆ ಕಾಣುವುದು ಇಲ್ಲಿ. ವನಭೋಜನಕ್ಕೆ ಹೋಗಲು ಸಂತೋಷ ಬೇಕಿಲ್ಲ, ಕಾರಣವೂ ಬೇಕಿಲ್ಲ. ಕಾರ್ತಿಕ ಬಂದಿದೆ, ಸಾಕು. ನಾವೇಕೆ ಹೊರಟೆವೆಂದು ನೆರೆಯವರಿಗೆ ಹೇಳಬೇಕಾಗಿಲ್ಲ, ನಮಗೆ ನಾವೇ ಹೇಳಿಕೊಳ್ಳಬೇಕಾಗಿಲ್ಲ. ಸೂತಕವು ಶೋಕಕ್ಕೆ ಇಂತಿಷ್ಟು ದಿನವೆಂದು ಅವಕಾಶ ಕೊಟ್ಟಂತೆ, ಪಂಚಾಂಗವು ಆಟಕ್ಕೂ ಒಂದು ದಿನವನ್ನು ಕಾಯ್ದಿರಿಸಿದೆ. ನಮ್ಮ ತಾಯಿಯವರ ಮಾತಿನ ಅರ್ಥವೂ ಇದೇ ಆಗಿತ್ತು.

ಈಚೆಗೆ ವನಭೋಜನವನ್ನು ಹವಾನಿಯಂತ್ರಿತ ಸಭಾಗೃಹದಲ್ಲಿ, ಕುಂಡದಲ್ಲಿ ನೆಟ್ಟ ನೆಲ್ಲಿಯ ಕೊಂಬೆಯ ಮುಂದೆ ಮುಗಿಸುವುದನ್ನು ನೋಡುತ್ತೇವೆ. ಅನಿವಾರ್ಯವಿರಬಹುದು, ಪೂಜೆಗೆ ಲೋಪವಿಲ್ಲವೆಂದು ಬಲ್ಲವರು ಹೇಳಿಯಾರು. ಆದರೆ ವನವೂ ಇಲ್ಲದೆ ಆಟವೂ ಇಲ್ಲದೆ ಉಳಿಯುವುದು ಭೋಜನವೊಂದೇ. ಕಲ್ಯಾಣ–ಶೀಳ್ ರಸ್ತೆಯ ಗದ್ದೆಗಳು ಈಗ ಬಹುಮಹಡಿ ವಸತಿಗಳಾಗಿವೆ ನಿಜ. ಬದಲಾಪುರ, ಟಿಟವಾಳಾಗಳ ಕಡೆ ಇನ್ನೂ ತೋಟಗಳಿವೆ. ಠಾಣೆಯವರಿಗೆ ಯೇವೂರಿನ ಕಾಡು ಹತ್ತಿರದಲ್ಲಿದೆ. ಅದು ರಾಷ್ಟ್ರೀಯ ಉದ್ಯಾನದ ಭಾಗವಾದುದರಿಂದ ಅಲ್ಲಿ ಒಲೆ ಹೂಡುವಂತಿಲ್ಲ, ಎಲೆ–ದೊನ್ನೆಗಳನ್ನು ಬಿಟ್ಟುಬರುವಂತೆಯೂ ಇಲ್ಲ. ಖಾರಘರದ ಪಾಂಡವಕಡಾ ಜಲಪಾತದಲ್ಲಿ ಮಳೆಗಾಲದ ಉತ್ಸಾಹಕ್ಕೆ ಎಷ್ಟೋ ತರುಣರು ಪ್ರಾಣ ತೆತ್ತಿದ್ದಾರೆ. ಆ ಬಗೆಯ ಸಾಹಸಕ್ಕೂ ನಾನು ಹೇಳುತ್ತಿರುವ ಆಟಕ್ಕೂ ಸಂಬಂಧವಿಲ್ಲ. ಇನ್ನು ವಾರಗಟ್ಟಲೆ ನಿದ್ರೆ, ಆಹಾರಗಳು ಬಿಟ್ಟುಹೋದವರನ್ನು, ಬದುಕೇ ಬೇಡವೆನ್ನುವವರನ್ನು ವೈದ್ಯರ ಬಳಿಗೇ ಮೊದಲು ಕರೆದೊಯ್ಯಬೇಕು. ನೆಲ್ಲಿಯ ಮರ ವೈದ್ಯನ ಸ್ಥಾನವನ್ನು ತುಂಬದು.

ಹೇಳಲೇಬೇಕಾದ ಇನ್ನೊಂದು ವಿಷಯವುಂಟು. ಅದು ನನ್ನ ತಪ್ಪೂ ಹೌದು. 1997ರ ಆ ದಿನವನ್ನು ನಾನು ಇಷ್ಟು ವರ್ಷ ನೆನೆದಿದ್ದೇನೆ. ನನ್ನನ್ನು ಹೊರಡಿಸಿದ ತಾಯಿಯವರು ಆ ದಿನ ಎಲ್ಲಿದ್ದರೆಂದು ಬಹುಕಾಲ ಯೋಚಿಸಿರಲಿಲ್ಲ. ಅವರು ಮಡಿಯಲ್ಲಿ ಮೂರು ಕಲ್ಲಿನ ಒಲೆಯ ಮುಂದಿದ್ದರು. ಇಪ್ಪತ್ತೈದು ಮಂದಿಗೆ ಅಡುಗೆಯಾಗಬೇಕಾಗಿತ್ತು. ನೌಕರಿ ಹೋದ ಮಗನ ಸಂಸಾರದ ಚಿಂತೆ ನನಗಿಂತ ಅವರಿಗೆ ಕಡಿಮೆಯಿತ್ತೇ? ಗಂಡಸರು, ಮಕ್ಕಳು ಬಯಲಿನಲ್ಲಿ ಆಡುತ್ತಿದ್ದರೆ ಹೆಂಗಸರು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವ ವನಭೋಜನವನ್ನು ನಾವು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದೇವೆ. ದಶಮಸ್ಕಂಧದ ವನಭೋಜನದಲ್ಲಿ ಒಲೆಯೇ ಇಲ್ಲವೆಂಬುದನ್ನು ಗಮನಿಸಬೇಕು. ಬುತ್ತಿಯು ಮನೆಯಿಂದಲೇ ಬಂದಿತ್ತು. ಶ್ರೀಕೃಷ್ಣನ ಎಡಗೈಯಲ್ಲಿದ್ದದ್ದು ಮೊಸರನ್ನದ ತುತ್ತು.

2022ರಿಂದ ನಮ್ಮ ನಾಲ್ಕು ಮನೆಗಳವರು ಹಿಂದಿನ ದಿನವೇ ಕೆಲಸ ಹಂಚಿಕೊಂಡು, ಬೆಳಿಗ್ಗೆ ಮನೆಯಲ್ಲಿ ಚಿತ್ರಾನ್ನ, ಮೊಸರನ್ನಗಳನ್ನು ಮಾಡಿ ಡಬ್ಬಿಗಳಲ್ಲಿ ಒಯ್ಯುತ್ತೇವೆ. ಕಲಸುವುದು, ತುಂಬುವುದು, ಪಾತ್ರೆ ತಿಕ್ಕುವುದು ಗಂಡಸರ ಪಾಲಿಗೆ. ಆ ಮೊದಲ ವರ್ಷ ಬದಲಾಪುರದ ತೋಟವೊಂದರಲ್ಲಿ ಹುಡುಗರು ಲಗೋರಿ ಜೋಡಿಸಿದಾಗ, ಎಂಬತ್ತೆರಡರ ನಮ್ಮ ತಾಯಿಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೈಚಾಚಿ ಚೆಂಡು ಕೇಳಿದರು. ಕುಳಿತಲ್ಲಿಂದಲೇ ಎಸೆದರು, ಗುರಿ ತಪ್ಪಿ ಚೆಂಡು ಕರಿಬೇವಿನ ಗಿಡದೊಳಗೆ ಹೋಯಿತು. ಮಕ್ಕಳು ಅದನ್ನು ಹುಡುಕಿ ತರುವಷ್ಟರಲ್ಲಿ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಕಲ್ಲು ಸ್ವಲ್ಪ ಹತ್ತರ ಇಡ್ರೋ," ಎಂದರು. "ಇನ್ನೊಮ್ಮೆ ಕೊಡು ಇಲ್ಲೆ."